ಎರಡನೆಯ ನಮಸ್ಕಾರ

ಮಾಲಿಮ್ ತನ್ನ ಆಯುಷ್ಯದ ಹೆಚ್ಚಿನ ಪಾಲನ್ನು ಸಿನಿಮಾ ಮಂದಿರದ ಬಾಗಿಲಲ್ಲೇ ಕಳೆದಳು. ಆದರೆ ಒಂದೇ ಒಂದು ಸಿನಿಮಾವನ್ನೂ ಮೊದಲಿನಿಂದ ನೋಡಿರಲಿಲ್ಲ. ಮುಖೋ ಬಂದರಿನ ಆ ಹಳೆಯ ಮಂದಿರದ ಮುಂದೆ ಇದ್ದಿಲ ಒಲೆ ಇಟ್ಟುಕೊಂಡು ಹತ್ತು ಕಾಲಿನ ಒಣ ಬೊಂಡಾಸ್ ಮೀನು ಸುಟ್ಟು ಮಾರುತ್ತಿದ್ದವಳು ಅವಳು. ಆಟ ಶುರುವಾಗುವ ಹೊತ್ತೇ ವ್ಯಾಪಾರದ ಹೊತ್ತು. ತಡವಾಗಿ ಓಡಿಬಂದವರಿಗೂ ಸುಟ್ಟುಕೊಟ್ಟು, ಕೆಂಡಕ್ಕೆ ಬೂದಿ ಮುಚ್ಚಿ, ಒಳಗೆ ಹೋಗಿ ಹಿಂದಿನ ಗೋಡೆಗೆ ಒರಗುವಷ್ಟರಲ್ಲಿ ತೆರೆಯ ಮೇಲೆ ಯಾರೋ ಯಾರನ್ನೋ ಬಿಟ್ಟುಹೋಗಿರುತ್ತಿದ್ದರು, ಇಲ್ಲವೇ ಸತ್ತಿರುತ್ತಿದ್ದರು. ಅದಕ್ಕೆ ಮೊದಲು ಏನಾಯಿತೆಂದು ಟಿಕೆಟ್ ಹರಿಯುವವನನ್ನು ಕೇಳಬೇಕು. ಅವನು ಮಹಾ ಸುಳ್ಳುಗಾರ. ಎಲ್ಲ ಕಥೆಗೂ ಒಂದೇ ಆರಂಭ ಹೇಳುತ್ತಿದ್ದ.

ಮಂದಿರ ಮುಚ್ಚಿತು. ಕಟ್ಟಡ ಕೆಡವಿದ ಜಾಗದಲ್ಲಿ ಮೀನಿನ ಹೋಟೆಲಿನವರು ಗಿರಾಕಿಗಳ ಕಾರು ನಿಲ್ಲಿಸತೊಡಗಿದರು. ಕಾಂಗ್‌ನಂಗ್ ಪಟ್ಟಣದ ಬಸ್ ನಿಲ್ದಾಣದಲ್ಲಿ ಕೆಲಸ ಮಾಡುವ ಮಗಳು ಹೇರಾನ್ ಒಂದು ಭಾನುವಾರ ಗೋಡೆಯಷ್ಟಗಲದ ಟಿವಿ ತಂದು ನಿಲ್ಲಿಸಿದಳು. ಚಂದಾ ಕಟ್ಟಿದವರಿಗೆ ಮಾತ್ರ ಸಿಗುವ ಧಾರಾವಾಹಿಗಳು, ಹೊರದೇಶದ ಚಿತ್ರಗಳು, ಶರತ್ಕಾಲ ಬಂತೆಂದರೆ ಚಿತ್ರೋತ್ಸವದ ಸಿನಿಮಾಗಳು, ಎಲ್ಲವೂ ಮನೆಯೊಳಗೇ ಬಂದವು. ಎಪ್ಪತ್ತರ ಹತ್ತಿರ ಬಂದ ಮೇಲೆ ಮಾಲಿಮ್ ಸಿನಿಮಾಗಳನ್ನು ಮೊದಲಿನಿಂದ ನೋಡಲು ಕುಳಿತಳು. ಕುಳಿತವಳು ಏಳಲಿಲ್ಲ.

ಜೊತೆಗೆ ಪಕ್ಕದ ಮನೆಯ ಚುನ್‌ಮೆ. ಬಲೆ ಹೆಣೆಯುವ ವಿಧವೆ, ಮಾಲಿಮ್‌ಗಿಂತ ಚಿಕ್ಕವಳು, ಬಾಯಿ ದೊಡ್ಡದು. ಮಾಲಿಮ್‌ಳ ನಿಯಮ ಬಿಗಿಯಾಗಿತ್ತು.

"ಸಿನಿಮಾ ಹೆಸರು ಬೀಳೋಕೆ ಮುಂಚೆ ಬರೋದಾದ್ರೆ ಬಾ. ಇಲ್ಲಾಂದ್ರೆ ಬಾಗಿಲು ತಟ್ಟಬೇಡ."

"ಅಕ್ಕಾ, ಇದೇನು ಸಿನಿಮಾನಾ, ಪೊಲೀಸ್ ಠಾಣೇನಾ?"

ಒಂದು ಮಾತು ಕಿವಿ ತಪ್ಪಿದರೂ ಮಾಲಿಮ್ ರಿಮೋಟ್ ಒತ್ತಿ ಹಿಂದಕ್ಕೆ ಹೋಗುತ್ತಿದ್ದಳು. ಮಂದಿರದಲ್ಲಿ ಓಡುವ ಚಿತ್ರವನ್ನು ಯಾರೂ ಅವಳಿಗಾಗಿ ನಿಲ್ಲಿಸಿರಲಿಲ್ಲ. ಚುನ್‌ಮೆ ಗೊಣಗುತ್ತಿದ್ದಳು: "ನಾನು ಬಲೆಯಲ್ಲೂ ಇಷ್ಟು ಸಲ ಗಂಟು ಬಿಚ್ಚಲ್ಲಪ್ಪ."

ಗಂಡ ಸಾಂಗ್‌ಬೊಕ್ ಟಿವಿಯ ಹತ್ತಿರ ಸುಳಿಯುತ್ತಿರಲಿಲ್ಲ. ಬೊಂಡಾಸ್ ಹಿಡಿಯುವ ದೋಣಿಯೊಂದಕ್ಕೆ ನಾಯಕನಾಗಿದ್ದವನು, ಈಗ ಬಂದರಿನ ಹಿರಿಯರ ಕೋಣೆಯಲ್ಲಿ ಇಸ್ಪೀಟು ಆಡಿ ಸಂಜೆಗೆ ಮನೆ ಸೇರುವವನು. ಮಾತು ಕಡಿಮೆ. ಸಮುದ್ರದ ಮೇಲೆ ದುಡಿದವರು ಹಾಗೇ ಇರುತ್ತಾರೆಂದು ಮಾಲಿಮ್ ಎಂದೋ ತೀರ್ಮಾನಿಸಿ ಆ ವಿಷಯವನ್ನು ಅಲ್ಲಿಗೇ ಬಿಟ್ಟಿದ್ದಳು.

ಆ ಮನೆಗೆ ಅವಳು ಸೊಸೆಯಾಗಿ ಬಂದಾಗ ಮೈದುನ ಇನ್‌ಬೊಕ್ ಇನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗ. ಅತ್ತೆ ಬೆಳಗಿನಿಂದ ಮೀನಿನ ಹರಾಜುಕಟ್ಟೆಯಲ್ಲಿ. ಹುಡುಗನಿಗೆ ಉಣಬಡಿಸಿದ್ದು, ಅಂಗಿ ಹೊಲಿದದ್ದು, ಗದರಿದ್ದು ಅತ್ತಿಗೆ. ತಳ ಹಿಡಿದ ಅನ್ನದ ಚಕ್ಕೆಗಾಗಿ ಪಾತ್ರೆಯ ಮುಂದೆ ಕುಕ್ಕರುಗಾಲಲ್ಲಿ ಕಾಯುತ್ತಿದ್ದ. ಸಂಜೆ ಅವಳ ಒಲೆಯ ಪಕ್ಕ ಕುಳಿತು ಬೊಂಡಾಸ್ ಮಡಚಿ ಕೊಡುತ್ತಿದ್ದ. ಬೆಳೆದ ಮೇಲೆ ಅಣ್ಣನ ದೋಣಿ ಹತ್ತಿದ. ಒಂದು ಶರತ್ಕಾಲ, ದೊಡ್ಡ ಬಿರುಗಾಳಿಯ ನಂತರ, ದೋಣಿ ಅವನಿಲ್ಲದೆ ಮರಳಿತು. ಅಲೆ ಎಳೆದುಕೊಂಡು ಹೋಯಿತು ಎಂದ ಸಾಂಗ್‌ಬೊಕ್. ದೇಹ ಸಿಗಲಿಲ್ಲ; ಯಾವ ದಿನವೆಂದೂ ಅವನು ಸರಿಯಾಗಿ ಹೇಳಲಿಲ್ಲ.

ಸತ್ತ ದಿನ ತಿಳಿಯದವರಿಗೆ ಅಲ್ಲಿ ಚಾಂದ್ರಮಾನದ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ ಎಡೆ ಇಡುತ್ತಾರೆ. ಹಿರಿಯ ಸೊಸೆಯ ಪಾಲಿಗೆ ಎಡೆಯ ಹೊಣೆಯಾಗಿ ಮನೆಯ ಸತ್ತವರೆಲ್ಲ ಬರುತ್ತಾರೆ. ಇನ್‌ಬೊಕ್ ಕೂಡ ಬಂದ. ಪ್ರತಿ ವರ್ಷ ಅವಳು ಅವನ ಚಿತ್ರದ ಮುಂದೆ ಬಟ್ಟಲು ತುಂಬ ಅನ್ನವಿಟ್ಟು, ಅನ್ನದ ನಡುವೆ ಚಮಚವನ್ನು ನೆಟ್ಟಗೆ ಊರುತ್ತಿದ್ದಳು. ಬದುಕಿರುವವರ ಅನ್ನದಲ್ಲಿ ಚಮಚ ಹಾಗೆ ಊರಿದರೆ ಅಲ್ಲಿ ಮಕ್ಕಳಿಗೂ ಏಟು ಬೀಳುತ್ತದೆ. ನಮಸ್ಕಾರವೂ ಹಾಗೆಯೇ: ಬದುಕಿರುವ ಹಿರಿಯರಿಗೆ ಒಂದು, ಸತ್ತವರಿಗೆ ಎರಡು. ಹೇರಾನ್ ತನ್ನ ಚಿಕ್ಕಪ್ಪನಿಗೆ ಎರಡು ಸಲ ಅಡ್ಡಬೀಳುತ್ತಿದ್ದಳು. ಅಣ್ಣನಾದವನು ತಮ್ಮನಿಗೆ ಅಡ್ಡಬೀಳುವ ಹಾಗಿಲ್ಲ. ಸಾಂಗ್‌ಬೊಕ್ ಆ ಹೊತ್ತಿಗೆ ಅಂಗಳಕ್ಕೆ ಹೋಗಿ ಸಿಗರೇಟು ಹಚ್ಚುತ್ತಿದ್ದ. ದುಃಖ ಎಂದುಕೊಂಡಿದ್ದಳು ಮಾಲಿಮ್.

ಈ ಸಲ ಒಂಬತ್ತನೆಯ ದಿನ ಹತ್ತಿರವಾಗಿತ್ತು. ಎಡೆಗೆ ಬೇಕಾದ ಸೇಬು, ಪೇರುಹಣ್ಣು, ಒಣಮೀನು ಬುಟ್ಟಿಯಲ್ಲಿ ಬಂದು ಕೂತಿದ್ದವು. ಒಂದು ಮಧ್ಯಾಹ್ನ ಚಿತ್ರೋತ್ಸವದ ಸಾಕ್ಷ್ಯಚಿತ್ರವಿತ್ತು: ಸಮುದ್ರದಾಚೆ, ಜಪಾನಿನ ಪಶ್ಚಿಮ ದಡದ ಮೀನು ಒಣಗಿಸುವ ಕೊಟ್ಟಿಗೆಯೊಂದನ್ನು ಕುರಿತು ಅಲ್ಲಿನ ತರುಣಿಯೊಬ್ಬಳು ಮಾಡಿದ್ದು. ಬಹಳ ಹೊತ್ತು ಬರೀ ಗಾಳಿ, ಬಿದಿರಿನ ಕೋಲು, ತೂಗುವ ಮೀನು.

"ಯಾರೂ ಮಾತೇ ಆಡ್ತಿಲ್ವಲ್ಲ ಅಕ್ಕಾ," ಎಂದಳು ಚುನ್‌ಮೆ, ಸಿಹಿಗೆಣಸು ಸುಲಿಯುತ್ತಾ. "ಮೀನು ಒಣಗೋದನ್ನ ನೋಡೋಕೆ ಟಿವಿ ಯಾಕೆ? ನಮ್ಮ ಮಾಳಿಗೆ ಮೇಲೆ ಹೋಗಿ ಕೂರೋಣ, ಗಾಳಿನಾದ್ರೂ ಬರತ್ತೆ."

"ಸುಮ್ನೆ ನೋಡು."

ತೆರೆಯ ತುಂಬ ಎರಡು ಕೈಗಳು ಬಂದವು. ವಯಸ್ಸಾದ, ಗಂಟುಗಂಟಾದ ಕೈಗಳು. ಅವು ಒಂದು ಬೊಂಡಾಸ್ ಎತ್ತಿಕೊಂಡವು, ಚಪ್ಪಟೆ ಮಾಡಿದವು, ಕಾಲುಗಳನ್ನು ಬಿಡಿಸಿದವು. ಎಲ್ಲ ಕಾಲುಗಳಿಗಿಂತ ಉದ್ದವಾದ ಎರಡನ್ನು ಒಂದಕ್ಕೊಂದು ಸುತ್ತಿ, ಮಡಚಿ, ಹೊಟ್ಟೆಯೊಳಕ್ಕೆ ಸೇರಿಸಿದವು.

ಚುನ್‌ಮೆಯ ಕೈಯಿಂದ ಗೆಣಸು ಜಾರಿತು. "ಅಕ್ಕಾ! ನಿನ್ನ ಮದುಮಗಳು!"

ಆ ಕರಾವಳಿಯಲ್ಲಿ ಹಾಗೆ ಮಡಚುತ್ತಿದ್ದವಳು ಮಾಲಿಮ್ ಒಬ್ಬಳೇ. ಕೈಕಟ್ಟಿ ಕೂತ ಮದುಮಗಳು ಎಂದು ಬಂದರಿನ ಹೆಂಗಸರು ಅವಳ ಬೊಂಡಾಸ್‌ಗಳನ್ನು ಆಡಿಕೊಂಡು ನಗುತ್ತಿದ್ದರು. ಅವಳು ಅದನ್ನು ಕಲಿಸಿದ್ದು ಒಬ್ಬನಿಗೆ.

ಮಾಲಿಮ್ ಹಿಂದಕ್ಕೆ ಹೋದಳು. ಕೈಗಳು ಮತ್ತೆ ಸುತ್ತಿದವು, ಮಡಚಿದವು, ಸೇರಿಸಿದವು. ಮತ್ತೆ ಹಿಂದಕ್ಕೆ. ಮತ್ತೆ. ಚುನ್‌ಮೆ ಈ ಸಲ ಗೊಣಗಲಿಲ್ಲ.

"ಮುಂದೆ ಬಿಡು ಅಕ್ಕಾ. ಮುಖ ತೋರಿಸ್ತಾರೇನೋ."

"ತಡಿ."

"ಹೆದ್ರಿಕೆನಾ?"

"ತಡಿ ಅಂದೆ."

ಕೊನೆಗೆ ಬಿಟ್ಟಳು. ಒಂದು ಬೊಂಡಾಸ್ ಕೋಲಿನಿಂದ ಜಾರಿ ನೆಲಕ್ಕೆ ಬಿತ್ತು. ಅದುವರೆಗೆ ಜಪಾನಿ ಭಾಷೆಯಲ್ಲಿ ಒಂದೆರಡು ಮಾತಾಡಿದ್ದ ಗಂಡಸಿನ ದನಿ, ಅಪ್ಪಟ ಮುಖೋ ಬಂದರಿನ ಮಾತಿನಲ್ಲಿ, "ಅಯ್ಯೋ, ಬಿದ್ಬಿಟ್ಯಾ ಮಾರಾಯ?" ಎಂದು ಮೀನನ್ನು ಕೇಳಿತು. ಬಗ್ಗಿದವನು ನೆಟ್ಟಗಾದ. ತಲೆ ಬೆಳ್ಳಗಾಗಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು. ಅತ್ತೆ ಸಾಯುವಾಗ ಇದ್ದ ಮುಖವೇ ಅದು. ಗೋಡೆಯ ಮೇಲಿನ ಚಿತ್ರದಲ್ಲಿ ಇನ್‌ಬೊಕ್‌ನಿಗೆ ಇಪ್ಪತ್ತೆರಡು. ಟಿವಿಯಲ್ಲಿ ಅರುವತ್ತು.

ಮಾಲಿಮ್‌ಗೆ ಅಳು ಬರಲಿಲ್ಲ. ಮೊದಲು ಅವಳಿಗೆ ಹೊಳೆದದ್ದು ಅನ್ನದ ಬಟ್ಟಲು. ಬದುಕಿದ್ದವನ ಅನ್ನದಲ್ಲಿ ಇಷ್ಟು ವರ್ಷ ಚಮಚ ಊರಿದೆನಲ್ಲ ಎಂಬ ಒಂದೇ ಮಾತು ತಲೆಯೊಳಗೆ ಸುತ್ತುತ್ತಿತ್ತು.

ಚಿತ್ರ ಓಡುತ್ತಲೇ ಇತ್ತು. ಇನ್‌ಬೊಕ್ ಕೊಟ್ಟಿಗೆಯ ಹಿಂದಿನ ಒಂಟಿ ಕೋಣೆಯಲ್ಲಿ ಸಣ್ಣ ಮೇಜು ಒರೆಸಿದ. ಒಂದು ಬಟ್ಟಲು ಅನ್ನ ತಂದಿಟ್ಟ. ಪಕ್ಕದಲ್ಲಿ ಸುಟ್ಟ ಬೊಂಡಾಸ್. ಅನ್ನದ ನಡುವೆ ಚಮಚ ಊರಿದ.

"ಯಾರಿಗೆ?" ತರುಣಿಯ ದನಿ ಕೇಳಿತು. ಉತ್ತರ ಅಕ್ಷರಗಳಲ್ಲಿ ಕೆಳಗೆ ಮೂಡಿತು.

"ಅತ್ತಿಗೆಗೆ. ನನ್ನನ್ನ ಸಾಕಿದವರು."

"ಇವತ್ತೇ ತೀರಿಕೊಂಡಿದ್ದಾ?"

"ಯಾವತ್ತು ಅಂತ ಗೊತ್ತಿಲ್ಲ. ಕೇಳೋಕೆ ಧೈರ್ಯ ಬರ್ಲಿಲ್ಲ. ದಿನ ಗೊತ್ತಿಲ್ಲದವರಿಗೆ ನಮ್ಮಲ್ಲಿ ಒಂಬತ್ತನೇ ತಿಂಗಳ ಒಂಬತ್ತು."

"ಊರಿಗೆ ಹೋಗಬೇಕು ಅನ್ನಿಸಲ್ವಾ?"

"ಯಾರನ್ನ ನೋಡೋಕೆ? ಅಮ್ಮ ಇಲ್ಲ, ಅತ್ತಿಗೆ ಇಲ್ಲ." ಅವನು ಎದ್ದು ಅನ್ನದ ಬಟ್ಟಲಿಗೆ ಅಡ್ಡಬಿದ್ದ. ಎದ್ದ. ಮತ್ತೊಮ್ಮೆ ಅಡ್ಡಬಿದ್ದ.

ಚುನ್‌ಮೆ ಟಿವಿಯನ್ನು ನೋಡಿದಳು, ಮಾಲಿಮ್‌ಳನ್ನು ನೋಡಿದಳು. ಕೈ ಚಾಚಿ ಅವಳ ತೋಳು ಚಿವುಟಿದಳು.

"ಅಯ್ಯೋ! ಏನೇ?"

"ಅಲ್ಲ ಅಕ್ಕಾ... ಇದ್ದೀಯಲ್ಲ ಅಂತ ನೋಡ್ದೆ."

"ಎದ್ದು ಮನೆಗೆ ಹೋಗು. ಬೀದೀಲಿ ಬಾಯಿ ಬಿಟ್ಟೆ ಅಂದ್ರೆ ಆ ಬಾಯನ್ನ ನಿನ್ನ ಬಲೆ ದಾರದಲ್ಲೇ ಹೊಲಿದುಬಿಡ್ತೀನಿ."

ಸಂಜೆ ಸಾಂಗ್‌ಬೊಕ್ ಬಂದಾಗ ಅವಳು ಏನೂ ಹೇಳಲಿಲ್ಲ. ಟಿವಿಯ ಮುಂದೆ ದಿಂಬು ಹಾಕಿ, "ಕೂತ್ಕೊಳ್ಳಿ" ಎಂದಳು. ಚಿತ್ರವನ್ನು ಇನ್‌ಬೊಕ್‌ನ ಮುಖ ಕಾಣುವಲ್ಲಿಗೆ ತಂದು ನಿಲ್ಲಿಸಿದಳು.

ಅವನು ಬಹಳ ಹೊತ್ತು ನೋಡಿದ. "ವಯಸ್ಸಾಗ್ಬಿಟ್ಟಿದೆ ಅವನಿಗೆ," ಎಂದ.

ಮಾಲಿಮ್ ಯಾವುದಕ್ಕೆ ಕಾದಿದ್ದಳೋ ಅದು ಆಗಲಿಲ್ಲ. ಅವನು ಕೂಗಲಿಲ್ಲ, ಇದು ಯಾರೆಂದು ಕೇಳಲಿಲ್ಲ, ತೆರೆಯ ಹತ್ತಿರ ಸರಿಯಲಿಲ್ಲ. ತಮ್ಮನನ್ನು ಸಮುದ್ರಕ್ಕೆ ಕಳೆದುಕೊಂಡವನು ಅವನ ಮುಖ ಕಂಡಾಗ ಹೀಗೆ ಕೂರುವುದಿಲ್ಲ. ಮಧ್ಯಾಹ್ನದ ಆಘಾತವನ್ನು ಅವಳು ಹೇಗೋ ತಡೆದುಕೊಂಡಿದ್ದಳು. ಇದನ್ನು ತಡೆಯಲಾಗಲಿಲ್ಲ.

"ಸತ್ತವರಿಗೆ ವಯಸ್ಸಾಗಲ್ಲ, ಹೇರಾನ್ ಅಪ್ಪ."

ಅವನು ಕಣ್ಣನ್ನು ತೆರೆಯಿಂದ ದಿಂಬಿಗೆ ಇಳಿಸಿದ.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಯಾವಾಗಿಂದ?"

"ಅವತ್ತಿಂದಲೇ." ದಿಂಬಿನ ಅಂಚನ್ನು ಬೆರಳಲ್ಲಿ ಒತ್ತುತ್ತಾ ಹೇಳಿದ. "ಗಾಳಿಗೆ ಸಿಕ್ಕಿ ಆ ಕಡೆ ಬಂದರಿಗೆ ಹೋಗಿದ್ವಿ. ಅವನು ಇಳಿದ. ನಂಗೆ ಸಮುದ್ರ ಆಗಲ್ಲ ಅಣ್ಣ, ನಾನು ಬರಲ್ಲ ಅಂದ. ಹೊಡೆದೆ. ಆದ್ರೂ ಬರ್ಲಿಲ್ಲ. ದೋಣಿ ಬಿಟ್ಕೊಂಡು ಬಂದೆ. ಆ ಕಾಲ ನಿಂಗೆ ನೆನಪಿಲ್ವಾ? ಆ ದಡದಲ್ಲಿ ಉಳಿದವನು ಗಡಿಯಾಚೆಯ ಶತ್ರು, ಉತ್ತರದವರ ಗೂಢಚಾರ ಅಂತಿದ್ರು. ಪೊಲೀಸರು ಮನೆಮಂದಿನೆಲ್ಲ ಎಳ್ಕೊಂಡು ಹೋಗ್ತಿದ್ರು. ಐಸ್ ಕಾರ್ಖಾನೆ ಗುಮಾಸ್ತ ಹೋದವನು ಹೇಗೆ ವಾಪಸ್ ಬಂದ, ನೀನೇ ನೋಡಿದ್ದೆ. ಹೇರಾನ್ ಇನ್ನೂ ಕೂಸು. ಅಲೆ ಎಳ್ಕೊಂಡು ಹೋಯ್ತು ಅಂದೆ. ದೋಣಿಯವರೂ ಹಾಗೇ ಅಂದ್ರು."

ಇದು ಮಾಲಿಮ್‌ಗೆ ಅರ್ಥವಾಯಿತು. ಆ ಕಾಲ ಅವಳಿಗೆ ನೆನಪಿತ್ತು. ಗುಮಾಸ್ತ ಹಿಂದಿರುಗಿದ ಮೇಲೆ ಅವಳ ಒಲೆಯ ಮುಂದೆ ನಿಂತು, ಬೊಂಡಾಸ್ ಕೇಳಲು ಬಾಯಿ ಬಾರದೆ ಬೆರಳು ತೋರಿಸುತ್ತಿದ್ದ.

"ಆಯ್ತು. ಅವನನ್ನ ಸಾಯಿಸಿದ್ದು ಹೆದ್ರಿಕೆಗೆ. ನನ್ನನ್ನ ಯಾಕೆ ಸಾಯಿಸಿದ್ರಿ?"

ಸಾಂಗ್‌ಬೊಕ್ ತಲೆ ಎತ್ತಲಿಲ್ಲ. "ಅಮ್ಮ ಹೋದ ಮೇಲೆ ಒಂದ್ಸಲ ಬಂದರು ಕಚೇರಿಗೆ ಫೋನ್ ಮಾಡಿದ್ದ. ಕಾಲ ಬದಲಾಗಿದೆಯಂತಲ್ಲ, ಬರ್ತೀನಿ ಅಂದ. ಅಮ್ಮ ಇಲ್ಲ ಅಂದೆ. ಅಳ್ತಾ, ಅತ್ತಿಗೆನಾದ್ರೂ ನೋಡ್ಬೇಕು ಅಂದ. ಬಂದ್ರೆ? ಅಮ್ಮ ಕಟ್ಟೆ ಮೇಲೆ ಕೂತು ಅವನ ದಾರಿ ಕಾಯ್ತಾ ಕಾಯ್ತಾನೇ ಹೋದ್ಲು, ಊರೆಲ್ಲ ನೋಡಿದೆ. ಇಷ್ಟು ಜನರ ಮುಂದೆ ನಾನು... ನಿನ್ನ ಅತ್ತಿಗೇನೂ ಹೋದಳು ಅಂದ್ಬಿಟ್ಟೆ."

"ಏನಾಗಿ ಸತ್ತೆ?"

"ಏನು?"

"ಏನಾಗಿ ಸತ್ತೆ ನಾನು? ಏನೋ ಒಂದು ಹೇಳಿರ್ಬೇಕಲ್ಲ."

"ಹೊಟ್ಟೇಲಿ ಗಡ್ಡೆ ಅಂದೆ."

ಮಾಲಿಮ್ ತನ್ನ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡಳು. ಒಂದು ದಿನವೂ ನೋಯದ ಹೊಟ್ಟೆ ಅದು. ಅವಳು ಆ ಸಂಜೆ ಅಡುಗೆ ಮಾಡಲಿಲ್ಲ. "ಸತ್ತವಳ ಕೈಲಿ ಊಟ ಕೇಳ್ಬೇಡಿ," ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಮಧ್ಯಾಹ್ನ ಆ ತರುಣಿಯ ಜೊತೆ ಪ್ರೇಕ್ಷಕರ ಮಾತುಕತೆ ಇತ್ತು. ಟಿವಿಯಲ್ಲಿ ಅವಳು ಕಾಣುತ್ತಾಳೆ. ಮನೆಯಲ್ಲಿ ಕುಳಿತವರು ಫೋನಿನಲ್ಲಿ ಪ್ರಶ್ನೆ ಬರೆದರೆ ಕೆಳಗೆ ಮೂಡುತ್ತದೆ. ಅದು ಮುಗಿದರೆ ಚಿತ್ರವೂ ಹೋಯಿತು, ಉತ್ಸವವೂ ಹೋಯಿತು. ಒಂಬತ್ತನೆಯ ದಿನ ಅವನು ಮತ್ತೆ ಬಟ್ಟಲಿಡುತ್ತಾನೆ. ಹಾಗೆ ಇಡುತ್ತಲೇ ಒಂದು ದಿನ ಸಾಯುತ್ತಾನೆ, ಅಥವಾ ಅವಳೇ ಸಾಯುತ್ತಾಳೆ. ಆಗ ಸುಳ್ಳು ನಿಜವಾಗುತ್ತದೆ.

ಸಾಂಗ್‌ಬೊಕ್ ಅಂದು ಹಿರಿಯರ ಕೋಣೆಗೆ ಹೋಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ.

"ಬರೀಬೇಡ, ಹೇರಾನ್ ಅಮ್ಮ. ಊರಿಗೆಲ್ಲ ಗೊತ್ತಾಗತ್ತೆ. ಮಗಳಿಗೆ ಫೋನ್ ಮಾಡಿ ಕರೆಸೋಣ, ನಿಧಾನವಾಗಿ ಯೋಚ್ನೆ ಮಾಡೋಣ."

"ನೀವು ನಿಧಾನವಾಗಿಯೇ ಯೋಚ್ನೆ ಮಾಡಿದೀರಿ. ನಂಗೆ ಅಷ್ಟು ಟೈಮ್ ಇಲ್ಲ."

"ಆ ಕೋಣೇಲಿ ನಾಳೆಯಿಂದ ನಾನು ಹೇಗೆ ಕೂರ್ಲಿ?"

"ಅಂಗಳದಲ್ಲಿ ಕೂತು ಅಭ್ಯಾಸ ಇದೆಯಲ್ಲ."

ಅವಳು ಒಂದೇ ಬೆರಳಲ್ಲಿ ಬರೆದಳು: ಆ ಅತ್ತಿಗೆ ಸತ್ತಿಲ್ಲ. ಅದು ನಾನೇ.

ಅದು ಮೂಡಿತು. ಅದರ ಕೆಳಗೆ ಯಾರೋ ನಗುವ ಮುಖಗಳನ್ನು ಸುರಿದರು. ಇನ್ನೊಬ್ಬ ಬರೆದ: ಅಜ್ಜಿ, ದೆವ್ವದ ಸಿನಿಮಾ ಪಕ್ಕದ ವಿಭಾಗದಲ್ಲಿದೆ. ಕಾರ್ಯಕ್ರಮ ನಡೆಸುವವನು ಕ್ಯಾಮೆರಾ ಎತ್ತರದ ಬಗ್ಗೆ ಬಂದ ಪ್ರಶ್ನೆ ಓದಿದ. ತರುಣಿ ಅದಕ್ಕೆ ಉದ್ದವಾಗಿ ಉತ್ತರಿಸತೊಡಗಿದಳು.

ಪಕ್ಕದಲ್ಲಿ ಕುಳಿತ ಚುನ್‌ಮೆ ತಡೆಯಲಾರದೆ ಹೋದಳು. "ಇವರ ಮನೆ ಹಾಳಾಗ! ಅಕ್ಕಾ, ಬೈದು ಬರಿ. ದೊಡ್ಡ ಅಕ್ಷರದಲ್ಲಿ ಬರಿ!"

ಮಾಲಿಮ್ ಬೈಯಲಿಲ್ಲ. ಯೋಚಿಸಿ ಬರೆದಳು: ಉದ್ದದ ಎರಡು ಕಾಲು ಒಳಗೆ ಸೇರಿಸುವುದನ್ನು ಇನ್‌ಬೊಕ್‌ಗೆ ಕಲಿಸಿದ್ದು ನಾನು. ಹಾಗೆ ಮಾಡದಿದ್ದರೆ ಮೈ ಬೇಯುವ ಮೊದಲೇ ಕಾಲು ಸುಟ್ಟು ಕರಕಲಾಗುತ್ತದೆ, ಸಿನಿಮಾಕ್ಕೆ ಬಂದವರು ಬೈಯುತ್ತಾರೆ.

ತರುಣಿ ಮಾತಿನ ನಡುವೆ ಕೆಳಗೆ ನೋಡಿದಳು. ದುಭಾಷಿ ಅದನ್ನು ಓದಿ ಹೇಳಿದ. ಅವಳ ಮಾತು ನಿಂತಿತು. ಕೈ ತಾನಾಗಿ ಬಾಯಿಗೆ ಹೋಯಿತು. ಚಿತ್ರದಲ್ಲಿ ಆ ಹೆಸರು ಎಲ್ಲಿಯೂ ಇರಲಿಲ್ಲ. ಕೊಟ್ಟಿಗೆಯವರು ಅವನನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಕಾಲು ಒಳಗೆ ಏಕೆ ಎಂಬುದೂ ಚಿತ್ರದಲ್ಲಿರಲಿಲ್ಲ.

"ಇದನ್ನ ಅವರು ನನಗೊಬ್ಬಳಿಗೇ ಹೇಳಿದ್ದು," ಎಂದಳು ಕೊನೆಗೆ. "ಕ್ಯಾಮೆರಾ ಆಫ್ ಆದ ಮೇಲೆ... ಅಮ್ಮಾ, ನೀವು ಎಲ್ಲಿದ್ದೀರಿ?"

ನಗುವ ಮುಖಗಳು ನಿಂತುಹೋದವು. ಮಾಲಿಮ್ ಬರೆದಳು: ಮನೆಯಲ್ಲಿ.

ಮಿಕ್ಕದ್ದನ್ನು ಹೇರಾನ್ ನೋಡಿಕೊಂಡಳು. ವಿಷಯ ಕೇಳಿದಾಗ ಅವಳೂ ಅಪ್ಪನ ಮುಖವನ್ನೊಮ್ಮೆ ನೋಡಿ ಹೊರಗೆ ಹೋಗಿ ನಿಂತಳು. ಬಹಳ ಹೊತ್ತಿನ ಮೇಲೆ ಒಳಗೆ ಬಂದು, ತರುಣಿಯ ಜೊತೆ ಮಾತಾಡಿ, ಟಿವಿಯಲ್ಲೇ ಎರಡೂ ಕಡೆಯವರು ಮುಖ ನೋಡಿ ಮಾತಾಡುವುದು ಒಂಬತ್ತನೆಯ ದಿನ ಬೆಳಿಗ್ಗೆ ಎಂದು ನಿಗದಿ ಮಾಡಿದಳು. ಅಷ್ಟರೊಳಗೆ ಬಂದರಿನಲ್ಲಿ ಸುದ್ದಿ ತಿಳಿಯದವರು ಉಳಿದಿರಲಿಲ್ಲ. ತಾನು ಬಾಯಿ ಬಿಟ್ಟಿಲ್ಲವೆಂದು ಚುನ್‌ಮೆ ಆಣೆ ಹಾಕಿದಳು.

ಆ ಬೆಳಿಗ್ಗೆ ಮಾಲಿಮ್ ಅನ್ನ ಮಾಡಿದಳು, ತಳ ಹಿಡಿಯುವಂತೆ ಬಿಟ್ಟಳು. ಗೋಡೆಯ ಮೇಲಿನ ಚಿತ್ರವನ್ನು ಇಳಿಸಿ ಕಪಾಟಿಗೆ ಸೇರಿಸಿದಳು. ಎಡೆಗೆ ತಂದ ಹಣ್ಣನ್ನು ಕೊಯ್ದು ತಟ್ಟೆಗೆ ಹಾಕಿದಳು. ಸಾಂಗ್‌ಬೊಕ್ ಅಂಗಳದ ಕಡೆ ತಿರುಗಿದಾಗ ಹಿಂದಿನಿಂದ ಹೇಳಿದಳು: "ಇವತ್ತು ಒಳಗೆ."

ಅವನು ಬಂದು ಅವಳ ಪಕ್ಕ, ಸ್ವಲ್ಪ ಹಿಂದಕ್ಕೆ ಕುಳಿತ.

ಟಿವಿಯಲ್ಲಿ ಒಂಟಿ ಕೋಣೆ ಮೂಡಿತು. ಸಣ್ಣ ಮೇಜು, ಸುಟ್ಟ ಬೊಂಡಾಸ್, ಬಟ್ಟಲು. ಅನ್ನದ ನಡುವೆ ಚಮಚ ನೆಟ್ಟಗೆ ನಿಂತಿತ್ತು. ತರುಣಿ ಎಷ್ಟೇ ಹೇಳಿದರೂ ಅವನು ನಂಬಿರಲಿಲ್ಲ. ಮೇಜಿನ ಹಿಂದೆ ತೊಳೆದ ಅಂಗಿ ತೊಟ್ಟು ನಿಂತಿದ್ದ. ತೆರೆಯಲ್ಲಿ ಇವರನ್ನು ಕಂಡ. ಬಣ್ಣವೆಲ್ಲ ಇಳಿದುಹೋದ ಮುಖ ಹಾಗೇ ನಿಂತುಬಿಟ್ಟಿತು. ಕಣ್ಣು ಅತ್ತಿಗೆಯಿಂದ ಅಣ್ಣನ ಕಡೆ ಹೋಯಿತು, ಅಲ್ಲಿ ಏನನ್ನೋ ಓದಿಕೊಂಡಿತು, ಮತ್ತೆ ಅತ್ತಿಗೆಗೆ ಮರಳಿತು.

"ಮೊದ್ಲು ಆ ಚಮಚ ತೆಗಿಯೋ," ಎಂದಳು ಮಾಲಿಮ್. "ನನ್ನ ಅನ್ನ ನಾನೇ ತಿಂತೀನಿ."

ಅವನು ಮಾತು ಕೇಳುವ ಹುಡುಗನ ಹಾಗೆ ಚಮಚ ಕಿತ್ತ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಕೈ ಜೋಡಿಸಿ, ಮಂಡಿಯೂರಿ, ಹಣೆ ನೆಲಕ್ಕೆ ತಾಗುವಂತೆ ಅಡ್ಡಬಿದ್ದ. ಎದ್ದ. ಕೈಗಳು ಮತ್ತೆ ಕೂಡಿಕೊಂಡವು, ಮಂಡಿ ಮತ್ತೆ ಬಾಗತೊಡಗಿತು.

"ಸಾಕು!" ಮಾಲಿಮ್ ಟಿವಿಯ ಹತ್ತಿರ ಹೋಗಿ ಕೂಗಿದಳು. "ಒಂದೇ ಸಾಕು ಕಣೋ, ಒಂದೇ!"